ಆಕಾಶದ ಕಣ್ಣಿಗೆ ಬಿದ್ದ ಬೆಂಕಿ



ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗಿ, ಅಡಿಕೆಯ ಕೊನೆಯ ಕೊಯ್ಲನ್ನೂ ಒಳಗೆ ಹಾಕಿ, ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ಕಾಲ ಇದು. ಇದೇ ಕಾಲದಲ್ಲಿ ಬ್ಯಾಣದ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ತೇಗ, ಮತ್ತಿ, ಹೊನ್ನೆ ಮರಗಳು ಎಲೆ ಉದುರಿಸಿ ಕಾಡಿನ ನೆಲದ ಮೇಲೆ ಗೇಣುದ್ದ ದರಗು ಹಾಸಿರುತ್ತವೆ. ಮಧ್ಯಾಹ್ನದ ಗಾಳಿಗೆ ಒಂದು ಕಿಡಿ ಸಾಕು. ಕಾಡಿನ ಅಂಚಿಗೆ ತೋಟ ಇರುವ ನಮ್ಮಂಥವರಿಗೆ ಫೆಬ್ರವರಿ, ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನಿದ್ದೆ ಕಡಿಮೆ ಎಂಬುದನ್ನು ಹೇಳಬೇಕಾಗಿಲ್ಲ.

ಈಚಿನ ಸಭೆಯೊಂದರಲ್ಲಿ ಈ ವಿಚಾರ ಬಂದಾಗ ಹಿರಿಯ ಸದಸ್ಯರೊಬ್ಬರು, "ಈಗೆಲ್ಲ ಮೇಲಿಂದ ಉಪಗ್ರಹ ನೋಡ್ತಾ ಇರುತ್ತೆ, ಯಾರ ತೋಟದಲ್ಲಿ ಕಡ್ಡಿ ಗೀರಿದರೂ ಸರ್ಕಾರಕ್ಕೆ ಗೊತ್ತಾಗುತ್ತೆ" ಎಂದರು. ಪಕ್ಕದಲ್ಲಿದ್ದ ಕಿರಿಯರೊಬ್ಬರು, "ಗುಡ್ಡ ಉರಿದು ಬೂದಿಯಾದ ಮೇಲೆ ಮೊಬೈಲಿಗೆ ಸಂದೇಶ ಬರುತ್ತೆ, ಅದನ್ನು ಕಟ್ಕೊಂಡು ಏನು ಮಾಡೋದು ಸ್ವಾಮಿ" ಎಂದರು. ಸಭೆ ನಕ್ಕಿತು, ಮುಂದಿನ ವಿಷಯಕ್ಕೆ ಹೋಯಿತು. ನನ್ನ ಅಭಿಪ್ರಾಯದಲ್ಲಿ ನಗುವಂಥ ವಿಷಯ ಇದಲ್ಲ. ಇಬ್ಬರ ಮಾತೂ ಅರ್ಧ ಸತ್ಯ. ಉಪಗ್ರಹ ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದನ್ನು ನಾವು ಈಗಲೇ ತಿಳಿದುಕೊಳ್ಳದಿದ್ದರೆ ಮುಂದೆ ನಮ್ಮ ಪಹಣಿಯ ಮೇಲೂ ಪರಿಹಾರದ ಅರ್ಜಿಯ ಮೇಲೂ ಬೇರೆಯವರು ಅದನ್ನು ಓದಿ ಹೇಳುವ ಕಾಲ ಬರುತ್ತದೆ. ಆದ್ದರಿಂದ ಈ ದೀರ್ಘ ಬರಹ.

ಮೊದಲು, ಅದು ನೋಡುವುದಾದರೂ ಹೇಗೆ? ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಇದು ಕಷ್ಟವಲ್ಲ. ಕಬ್ಬಿಣ ಬಿಸಿಯಾದಂತೆ ಮೊದಲು ಮಂದ ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿಯಾಗುತ್ತದೆ. ಬಿಸಿ ಏರಿದ ಹಾಗೆ ಅದು ಹೊರಹಾಕುವ ಬೆಳಕಿನ ಅಲೆ ಗಿಡ್ಡವಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ತಣ್ಣಗಿನ ನೆಲ, ನೀರು, ನಾವು ನೀವು ಎಲ್ಲರೂ ಹೀಗೆ ಶಾಖದ ಕಿರಣಗಳನ್ನು ಬಿಡುತ್ತಲೇ ಇರುತ್ತೇವೆ. 27 ಡಿಗ್ರಿ ಸೆಲ್ಷಿಯಸ್ ಬಿಸಿಯ ನೆಲ ಅತಿ ಹೆಚ್ಚಾಗಿ ಬಿಡುವುದು ಸುಮಾರು 10 ಮೈಕ್ರಾನ್ ಉದ್ದದ ಅಲೆಗಳನ್ನು. ಸುಮಾರು 727 ಡಿಗ್ರಿಯಲ್ಲಿ ಉರಿಯುವ ಬೆಂಕಿಯಾದರೆ 3 ಮೈಕ್ರಾನ್ ಆಸುಪಾಸಿನದನ್ನು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಬೆಂಕಿ ಹುಡುಕುವ ಉಪಗ್ರಹಗಳು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ನೋಡುತ್ತವೆ. ಒಂದು 4 ಮೈಕ್ರಾನ್ ಹತ್ತಿರ, ಇನ್ನೊಂದು 11 ಮೈಕ್ರಾನ್ ಹತ್ತಿರ.

ಈ ಎರಡರ ವ್ಯತ್ಯಾಸವೇ ಇಡೀ ಕಸುಬಿನ ಗುಟ್ಟು. ಭೌತಶಾಸ್ತ್ರದ ಸೂತ್ರ ಹಾಕಿ ಲೆಕ್ಕ ಮಾಡಿದರೆ, ಒಂದು ಚದರ ಮೀಟರ್ ಬೆಂಕಿ ಒಂದು ಚದರ ಮೀಟರ್ ನೆಲಕ್ಕಿಂತ 11 ಮೈಕ್ರಾನಿನಲ್ಲಿ ಸುಮಾರು 29 ಪಟ್ಟು ಮಾತ್ರ ಪ್ರಖರ. 4 ಮೈಕ್ರಾನಿನಲ್ಲಾದರೆ ಸುಮಾರು 4,500 ಪಟ್ಟು. ಇದರಿಂದ ಏನಾಗುತ್ತದೆ ನೋಡಿ. ಈಗ ಹೆಚ್ಚು ಬಳಕೆಯಲ್ಲಿರುವ ವೀರ್ಸ್ ಎಂಬ ಉಪಕರಣಕ್ಕೆ ನೆಲವೆಲ್ಲ 375 ಮೀಟರ್ ಅಗಲ, 375 ಮೀಟರ್ ಉದ್ದದ ಚೌಕಗಳಾಗಿ ಕಾಣುತ್ತದೆ. ಒಂದು ಚೌಕ ಎಂದರೆ ಸುಮಾರು 35 ಎಕರೆ. ಆ 35 ಎಕರೆಯಲ್ಲಿ ಬರೀ ಒಂದು 30-40 ಸೈಟಿನಷ್ಟು ಜಾಗ ಚೆನ್ನಾಗಿ ಉರಿಯುತ್ತಿದ್ದರೂ ಸಾಕು, ರಾತ್ರಿ ಹೊತ್ತು ಇಡೀ ಚೌಕ 4 ಮೈಕ್ರಾನಿನಲ್ಲಿ ನಾಲ್ಕೂವರೆ ಪಟ್ಟು ಪ್ರಖರವಾಗಿ ಬಿಡುತ್ತದೆ. 11 ಮೈಕ್ರಾನಿನಲ್ಲಿ ಹೆಚ್ಚುವುದು ನೂರಕ್ಕೆ ಎರಡು ಪಾಲು ಮಾತ್ರ. ಒಂದು ಪಟ್ಟಿಯಲ್ಲಿ ಚೌಕ ಥಟ್ಟನೆ ಹೊಳೆದು ಇನ್ನೊಂದರಲ್ಲಿ ಸುಮ್ಮನಿದ್ದರೆ, ಅಲ್ಲಿ ಸಣ್ಣದೂ ಬಹಳ ಬಿಸಿಯಾದದ್ದೂ ಏನೋ ಇದೆ ಎಂದು ಅರ್ಥ. ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆ ಇದಕ್ಕೆ ಸಿಗುವುದಿಲ್ಲ, ಆ ಬಗ್ಗೆ ಯಾರೂ ಗಾಬರಿಪಡಬೇಕಾಗಿಲ್ಲ.

1981ರಲ್ಲಿ ಜೆಫ್ ಡೋಜಿಯರ್ ಎಂಬ ಅಮೆರಿಕದ ವಿಜ್ಞಾನಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಗ ಇದ್ದ ಉಪಗ್ರಹಗಳು ಮೋಡವನ್ನೂ ಸಮುದ್ರದ ಬಿಸಿಯನ್ನೂ ನೋಡಲು ಹಾರಿಸಿದವು; ಚೌಕ ಒಂದು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಎರಡು ಪಟ್ಟಿಗಳಲ್ಲಿ ಎರಡು ಅಳತೆ ಸಿಗುತ್ತದೆ, ತಿಳಿಯಬೇಕಾದದ್ದೂ ಎರಡೇ, ಬೆಂಕಿಯ ಬಿಸಿ ಎಷ್ಟು ಮತ್ತು ಚೌಕದ ಎಷ್ಟು ಪಾಲು ಉರಿಯುತ್ತಿದೆ, ಆದ್ದರಿಂದ ಚೌಕಕ್ಕಿಂತ ಎಷ್ಟೋ ಚಿಕ್ಕದಾದ ಬೆಂಕಿಯನ್ನೂ ಅಳೆಯಬಹುದು ಎಂದು ಅವರು ತೋರಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ಲಾರಿಯಲ್ಲಿ ಚೆರಿ ಕಾಫಿಯ ಚೀಲವೂ ಪಾರ್ಚ್‌ಮೆಂಟ್ ಚೀಲವೂ ಬೆರೆತು ಬಂದಿವೆ. ಒಟ್ಟು ತೂಕ ಗೊತ್ತು, ಒಟ್ಟು ಬಂದ ಹಣ ಗೊತ್ತು, ಆಯಾ ದರವೂ ಗೊತ್ತು. ಲಾರಿಯ ಟಾರ್ಪಾಲು ತೆಗೆಯದೆಯೇ ಯಾವುದು ಎಷ್ಟು ಎಂದು ಗುಮಾಸ್ತರು ಹೇಳಬಲ್ಲರು.

ಆದರೆ ತಕ್ಕಡಿ ಒಂದಿಷ್ಟು ತಪ್ಪಿದರೆ? ಲೆಕ್ಕ ಕೂಡುತ್ತದೆ, ಉತ್ತರ ಮಾತ್ರ ಎಲ್ಲಿಗೋ ಹೋಗಿರುತ್ತದೆ. ಡೋಜಿಯರ್ ವಿಧಾನದ ತೊಡಕೂ ಇದೇ. 11 ಮೈಕ್ರಾನಿನಲ್ಲಿ ಬೆಂಕಿಯಿಂದ ಹೆಚ್ಚಿದ್ದು ನೂರಕ್ಕೆ ಎರಡು ಪಾಲಾದರೆ, ಸುತ್ತಲಿನ ನೆಲದ ಬಿಸಿಯನ್ನು ಒಂದೆರಡು ಡಿಗ್ರಿ ತಪ್ಪಾಗಿ ಹಿಡಿದರೂ ಉರಿಯುವ ಜಾಗದ ಅಂದಾಜು ಹಲವು ಪಟ್ಟು ಆಚೀಚೆ ಆಗಿಬಿಡುತ್ತದೆ. ಮಲೆನಾಡಿನ ನೆಲವನ್ನು ನೆನೆಸಿಕೊಳ್ಳಿ. ಒಂದೇ ಚೌಕದಲ್ಲಿ ಬಿಸಿಲಿಗೆ ಕಾದ ಬೋಳು ಬ್ಯಾಣ, ನೆರಳಿನ ಕಾಫಿ, ಕೆಳಗೆ ತಂಪಾದ ಅಡಿಕೆ ತೋಟ, ಹಳ್ಳ. ಇದರ 'ಸಾಮಾನ್ಯ ಬಿಸಿ' ಎಷ್ಟೆಂದು ಯಾರು ಹೇಳಬೇಕು? ಸಪಾಟಾದ ಬಯಲಿನಲ್ಲಿ ಚೆನ್ನಾಗಿ ನಡೆಯುವ ಲೆಕ್ಕ ಗುಡ್ಡಗಾಡಿನಲ್ಲಿ ಎಡವುತ್ತದೆ.

ಆದ್ದರಿಂದ ವಿಜ್ಞಾನಿಗಳು ಆಮೇಲೆ ಬೇರೆ ದಾರಿ ಹಿಡಿದರು. ಜಾಗ ಎಷ್ಟು, ಬಿಸಿ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳುವ ಬದಲು, ಬೆಂಕಿ ಕ್ಷಣಕ್ಕೆ ಎಷ್ಟು ಶಾಖವನ್ನು ಕಿರಣರೂಪದಲ್ಲಿ ಹೊರಹಾಕುತ್ತಿದೆ ಎಂಬ ಒಂದೇ ಅಂಕಿಯನ್ನು 4 ಮೈಕ್ರಾನ್ ಪಟ್ಟಿಯಿಂದ ಪಡೆಯುತ್ತಾರೆ. ಇದನ್ನು ಮೆಗಾವಾಟಿನಲ್ಲಿ ಹೇಳುವುದು ರೂಢಿ, ವಿದ್ಯುತ್ ಕೇಂದ್ರದ ಹಾಗೆ. 2005ರಲ್ಲಿ ಮಾರ್ಟಿನ್ ವೂಸ್ಟರ್ ಮತ್ತು ಸಂಗಡಿಗರು ತೂಕ ಮಾಡಿದ ಒಣಹುಲ್ಲನ್ನು ಸುಡುತ್ತ, ಮೇಲಿಂದ ಶಾಖ ಅಳೆಯುತ್ತ, ಹೀಗೆ ಹೊರಬಿದ್ದ ಪ್ರತಿ ಮೆಗಾಜೂಲ್ ಶಾಖಕ್ಕೆ ಸುಮಾರು 0.368 ಕಿಲೋಗ್ರಾಂ ಒಣ ಪದಾರ್ಥ ಉರಿದಿರುತ್ತದೆ ಎಂದು ಕಂಡುಕೊಂಡರು. ಹಾಗಾದರೆ ಉಪಗ್ರಹದ ಪಟ್ಟಿಯಲ್ಲಿ '10 ಮೆಗಾವಾಟ್' ಎಂದು ಬರೆದಿರುವ ಒಂದು ಬಿಂದು, ಅದೇ ಹದದಲ್ಲಿ ಒಂದು ಗಂಟೆ ಉರಿದರೆ, ಸುಮಾರು 13 ಟನ್ ಒಣ ದರಗು ಹುಲ್ಲು ಬೂದಿಯಾಯಿತೆಂದು ಲೆಕ್ಕ. ಬೆಂಕಿಯನ್ನು ತೂಗುವುದು ಎಂದರೆ ಇದೇ. ಒಳ್ಳೆಯ ವಿದ್ಯೆ, ಸಂದೇಹವಿಲ್ಲ. ಆದರೆ 'ಅದೇ ಹದದಲ್ಲಿ ಒಂದು ಗಂಟೆ' ಎಂಬ ಮಾತನ್ನು ಗಮನಿಸಿ. ಉಪಗ್ರಹ ನೋಡಿದ್ದು ಒಂದು ಕ್ಷಣ ಮಾತ್ರ.

ಇನ್ನು ಅವು ಬರುವ ಹೊತ್ತು. 1999ರ ಡಿಸೆಂಬರಿನಲ್ಲಿ ಹಾರಿದ ಟೆರ್ರಾ, 2002ರಲ್ಲಿ ಹಾರಿದ ಆಕ್ವಾ, ಇವೆರಡರಲ್ಲಿ ಮೋಡಿಸ್ ಎಂಬ ಉಪಕರಣವಿತ್ತು. 20 ವರ್ಷಕ್ಕೂ ಮಿಕ್ಕಿ ದುಡಿದವು. ಅದರ ಬೆಂಕಿ ಚೌಕ 1 ಕಿಲೋಮೀಟರ್, ಎಂದರೆ 247 ಎಕರೆ. ನಮ್ಮಲ್ಲಿ ಎಷ್ಟೋ ಊರಿನ ಸಣ್ಣ ಬೆಳೆಗಾರರೆಲ್ಲರ ತೋಟ ಸೇರಿದರೂ ಅಷ್ಟಾಗದು. 2011ರ ಸುವೋಮಿ ಎನ್‌ಪಿಪಿ, 2017ರ ನೋವಾ-20, 2022ರ ನೋವಾ-21 ಇವುಗಳಲ್ಲಿ ಇರುವುದು ಮೇಲೆ ಹೇಳಿದ 375 ಮೀಟರಿನ ವೀರ್ಸ್. ಈ ಸಾಲಿನ ಉಪಗ್ರಹಗಳು ನಮ್ಮ ಮೇಲೆ ಹಾದು ಹೋಗುವುದು ಸುಮಾರಾಗಿ ಮಧ್ಯಾಹ್ನ 1ರಿಂದ 3ರ ಒಳಗೆ, ಮತ್ತೆ ರಾತ್ರಿ 1ರಿಂದ 3ರ ಒಳಗೆ. ಒಂದರ ಹಿಂದೆ ಒಂದು ಬಂದು ನೋಡಿ ಹೋದರೆ, ಮತ್ತೆ ಹತ್ತು ಗಂಟೆ ಆ ಕಡೆಯಿಂದ ಸುದ್ದಿಯಿಲ್ಲ.

ನಮ್ಮದೇ ದೇಶದ ಇನ್ಸಾಟ್ ಇದೆಯಲ್ಲ ಎಂದು ಕೇಳಬಹುದು. ಇದೆ. 2013ರಲ್ಲಿ ಇನ್ಸಾಟ್-3ಡಿ, 2016ರಲ್ಲಿ 3ಡಿಆರ್, 2024ರ ಫೆಬ್ರವರಿಯಲ್ಲಿ 3ಡಿಎಸ್ ಹಾರಿದವು. 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಇದ್ದು ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುವ ಬಗೆಯವು. ಅಷ್ಟು ದೂರದಿಂದ ನೋಡುವುದರಿಂದ ಶಾಖದ ಚೌಕ 4 ಕಿಲೋಮೀಟರ್. ಸುಮಾರು ನಾಲ್ಕು ಸಾವಿರ ಎಕರೆ. ದೊಡ್ಡ ಬೆಂಕಿಯಾದರೆ ಸಿಗುತ್ತದೆ, ಹತ್ತು ಎಕರೆ ಬ್ಯಾಣ ಉರಿದದ್ದು ಸಿಗುವುದು ಕಷ್ಟ. ಹತ್ತಿರದ್ದಕ್ಕೆ ಪುರುಸೊತ್ತಿಲ್ಲ, ಪುರುಸೊತ್ತಿದ್ದದ್ದಕ್ಕೆ ಕಣ್ಣು ಮಂದ ಎಂಬಂತಾಯಿತು.

ಹೊತ್ತಿನ ವಿಚಾರದಲ್ಲಿ ಒಂದು ಪಾಠ ನಮ್ಮ ಕಣ್ಣಮುಂದೆಯೇ ಇದೆ. ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುವುದನ್ನು ಎಣಿಸುವುದು ಇದೇ ಮಧ್ಯಾಹ್ನದ ಉಪಗ್ರಹಗಳಿಂದ. 2024ರ ಹಂಗಾಮಿನಲ್ಲಿ ಬಿಂದುಗಳ ಎಣಿಕೆ ಬಹಳ ಇಳಿದಿದೆ ಎಂಬ ವರದಿ ಬಂತು. ಅದೇ ಸಮಯಕ್ಕೆ ಕೊರಿಯಾ ದೇಶದ ಭೂಸ್ಥಿರ ಉಪಗ್ರಹದ ಚಿತ್ರಗಳನ್ನು ನೋಡಿದ ತಜ್ಞರು, ಮಧ್ಯಾಹ್ನದ ಉಪಗ್ರಹ ದಾಟಿ ಹೋದ ಮೇಲೆ, ಇಳಿಹೊತ್ತಿನಲ್ಲಿ ಬೆಂಕಿ ಹಾಕುತ್ತಿರುವಂತೆ ಕಾಣುತ್ತದೆ ಎಂದರು. ಬಿಂದು ಕಡಿಮೆಯಾಯಿತೆಂದರೆ ಬೆಂಕಿ ಕಡಿಮೆಯಾಯಿತೆಂದೇ ಅರ್ಥವಲ್ಲ.

ಅಲ್ಲಿ ಆ ಬಿಂದುವಿನಿಂದ ಏನೇನು ಆಯಿತು ಎಂಬುದು ನಮಗೆ ಇನ್ನೂ ಮುಖ್ಯ. ಉಪಗ್ರಹ ತೋರಿಸಿದ ಜಾಗಕ್ಕೆ ಅಧಿಕಾರಿ ಹೋಗಿ ನೋಡಿ, ಸುಟ್ಟಿದ್ದು ಹೌದೆಂದಾದರೆ ಜಮೀನಿನ ದಾಖಲೆಯಲ್ಲಿ 'ಕೆಂಪು ನಮೂದು' ಮಾಡುವ ಪದ್ಧತಿ ಪಂಜಾಬಿನಲ್ಲಿ ಬಂತು. ಆ ನಮೂದು ಬಿದ್ದರೆ ಜಮೀನು ಮಾರಲು, ಅಡವಿಡಲು, ಸಾಲ ಪಡೆಯಲು ತೊಡಕು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ದಿಲ್ಲಿ ಸುತ್ತಿನ ಪ್ರದೇಶಕ್ಕೆ ದಂಡವನ್ನೂ ಇಮ್ಮಡಿ ಮಾಡಿತು: 2 ಎಕರೆಗಿಂತ ಕಡಿಮೆ ಇದ್ದವರಿಗೆ ರೂ. 5,000, 2ರಿಂದ 5 ಎಕರೆಯವರಿಗೆ ರೂ. 10,000, ಅದಕ್ಕೂ ಮೇಲ್ಪಟ್ಟವರಿಗೆ ರೂ. 30,000. ಅಲ್ಲಿಯ ಹೊಗೆಯ ಸಮಸ್ಯೆ ಬೇರೆ, ಅದರ ನ್ಯಾಯಾನ್ಯಾಯವನ್ನು ಇಲ್ಲಿ ವಿಚಾರಿಸಹೊರಟಿಲ್ಲ. ಆಕಾಶದ ಒಂದು ಬಿಂದು ಸಣ್ಣ ಹಿಡುವಳಿದಾರನ ದಾಖಲೆ ಪುಸ್ತಕದವರೆಗೆ ಇಳಿದು ಬರಬಲ್ಲದು ಎಂಬುದಷ್ಟೇ ನನ್ನ ಮಾತು. ಅಲ್ಲಿ ಬಯಲು ಸೀಮೆ, ಗದ್ದೆ ಗದ್ದೆಗೂ ಗಡಿ ಸ್ಪಷ್ಟ. ನಮ್ಮಲ್ಲಿ 375 ಮೀಟರಿನ ಒಂದು ಚೌಕದೊಳಗೆ ಐದೈದು ಎಕರೆಯ ಏಳು ತೋಟ ಹಿಡಿಸುತ್ತವೆ. ಜೊತೆಗೆ ಮೀಸಲು ಅರಣ್ಯದ ಒಂದು ಮೂಲೆ, ಗೋಮಾಳದ ಒಂದು ಚೂರು. ಪಟ್ಟಿಯಲ್ಲಿ ಬರೆಯುವ ಅಕ್ಷಾಂಶ ರೇಖಾಂಶ ಆ ಚೌಕದ ನಡುಮಧ್ಯದ್ದು. ಬೆಂಕಿ ಚೌಕದ ಯಾವ ಮೂಲೆಯಲ್ಲಾದರೂ ಇದ್ದಿರಬಹುದು. ಉಪಗ್ರಹ ಓರೆಯಾಗಿ ನೋಡಿದ ದಿನ ಚೌಕ ಇನ್ನೂ ಹಿಗ್ಗಿ ಎರಡರಷ್ಟು ಅಗಲವಾಗುತ್ತದೆ. ನಡುಮಧ್ಯ ಯಾರ ಕಾಫಿ ಗಿಡದ ಮೇಲೆ ಬಿತ್ತೋ ಅವನೇ ಕಳ್ಳ ಎನ್ನುವುದಾದರೆ ಅದು ನ್ಯಾಯವಲ್ಲ, ಗಿಳಿಶಾಸ್ತ್ರ.

ಇನ್ನೊಂದು ಸಂಗತಿ ಬಹಳ ಸದಸ್ಯರಿಗೆ ತಿಳಿದಂತಿಲ್ಲ. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ದೇಶದ ಅರಣ್ಯ ಹೊದಿಕೆಯನ್ನು ಎಣಿಸುವಾಗ, ಒಂದು ಹೆಕ್ಟೇರಿಗೆ ಮೇಲ್ಪಟ್ಟು, ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮರದ ನೆತ್ತಿ ಇರುವ ಎಲ್ಲ ಜಮೀನನ್ನೂ, ಒಡೆತನ ಯಾರದೇ ಇರಲಿ, ಲೆಕ್ಕಕ್ಕೆ ಹಿಡಿಯುತ್ತದೆ. ತೋಟದ ಮರ, ಬಿದಿರು, ತಾಳೆ ಜಾತಿಯ ಮರ ಎಲ್ಲ ಅದರಲ್ಲಿ ಸೇರಿವೆ. ಎಂದರೆ ಮೇಲಿನಿಂದ ನೋಡುವವರಿಗೆ ಸಿಲ್ವರ್ ಮರದ ನೆರಳಿನ ನಮ್ಮ ಕಾಫಿ ತೋಟವೂ ಕಾಡೇ. ಮರಗಸಿ ಮಾಡಿದ ಸೊಪ್ಪುಸೌದೆಯನ್ನು ಒಟ್ಟಿ ಮಧ್ಯಾಹ್ನ ಎರಡು ಗಂಟೆಗೆ ಬೆಂಕಿ ಕೊಟ್ಟರೆ, ಅದೇ ಹೊತ್ತಿಗೆ ಉಪಗ್ರಹ ಬಂದರೆ, 'ಕಾಡಿನಲ್ಲಿ ಬೆಂಕಿ' ಎಂಬ ಬಿಂದು ಬೀಳುವ ಸಂಭವ ಇದ್ದೇ ಇದೆ. ಸೊಪ್ಪನ್ನು ಸುಡುವ ಪದ್ಧತಿಯೇ ದಂಡ, ಗಿಡದ ಬುಡಕ್ಕೆ ಹಾಕಿದರೆ ಗೊಬ್ಬರವಾಗುತ್ತದೆ, ಇದನ್ನು ಈ ಪತ್ರಿಕೆಯಲ್ಲಿ ಎಷ್ಟು ಸಲ ಬರೆದರೂ ಕೇಳದವರಿದ್ದಾರೆ. ಅದು ಬೇರೆ ವಿಚಾರ.

ಬಿಂದು ಬೀಳುವ ಭಯ ಒಂದಾದರೆ ಬೀಳದಿರುವ ನಷ್ಟ ಇನ್ನೊಂದು. ನಮ್ಮ ಸದಸ್ಯರೊಬ್ಬರ ಒಂದೂವರೆ ಎಕರೆ ರೊಬಸ್ಟಾಕ್ಕೆ ಕಾಡಿನ ಕಡೆಯಿಂದ ಸಂಜೆ ಐದು ಗಂಟೆಗೆ ಬೆಂಕಿ ನುಗ್ಗಿತು. ಊರವರು ಹಸಿ ಸೊಪ್ಪು ಹಿಡಿದು ಬಡಿದು, ಸ್ಪ್ರಿಂಕ್ಲರ್ ಪೈಪು ಎಳೆದು, ರಾತ್ರಿ ಹತ್ತರ ಹೊತ್ತಿಗೆ ಆರಿಸಿದರು. ಮಧ್ಯಾಹ್ನದ ಉಪಗ್ರಹ ಹೋಗಿಯಾಗಿತ್ತು, ರಾತ್ರಿಯದು ಬಂದಿರಲಿಲ್ಲ. ದರಗು ಮಾತ್ರ ಉರಿದದ್ದರಿಂದ ಮೇಲಿನ ಸಿಲ್ವರ್ ಮರಗಳ ನೆತ್ತಿ ಹಾಗೆಯೇ ಇತ್ತು. ಕಾಫಿ ಗಿಡಗಳು ಮೊದಲ ವಾರ ಹಸಿರಾಗಿಯೇ ಕಂಡು, ಬುಡದ ತೊಗಟೆ ಬೆಂದದ್ದರಿಂದ ಆಮೇಲೆ ಒಂದೊಂದಾಗಿ ಒಣಗಿದವು. ಪರಿಹಾರಕ್ಕೆ ಹೋದರೆ ಒಂದು ಕಚೇರಿಯಲ್ಲಿ, "ಆ ದಿನ ಆ ಜಾಗದಲ್ಲಿ ಉಪಗ್ರಹದ ದಾಖಲೆ ಇಲ್ಲವಲ್ಲ" ಎಂಬ ಉತ್ತರ ಸಿಕ್ಕಿತು. ಆ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಮರದ ನೆತ್ತಿಯ ಕೆಳಗೆ ಹರಿಯುವ ನೆಲಬೆಂಕಿಯ ಶಾಖವನ್ನು ಎಲೆಗಳು ತಡೆಯುತ್ತವೆ, ಮೋಡವಿದ್ದರೆ ಏನೂ ಕಾಣುವುದಿಲ್ಲ, ಹೊತ್ತು ತಪ್ಪಿದರೂ ಕಾಣುವುದಿಲ್ಲ. ಇದನ್ನು ಆ ಉಪಗ್ರಹ ನಡೆಸುವ ವಿಜ್ಞಾನಿಗಳೇ ತಮ್ಮ ಕೈಪಿಡಿಗಳಲ್ಲಿ ಬರೆಯುತ್ತಾರೆ. ಅವರು ವಿನಯದಿಂದ ಹೇಳಿದ ಮಿತಿಯನ್ನು ಕೆಳಗಿನ ಮೇಜುಗಳಲ್ಲಿ ಕುಳಿತವರು ಮರೆತುಬಿಡುತ್ತಾರೆ.

ಸುಟ್ಟು ಹೋದ ಮೇಲೆ ಜಾಗ ಅಳೆಯುವ ವಿದ್ಯೆ ಇನ್ನೊಂದಿದೆ, ಅದು ಹೆಚ್ಚು ನಂಬಿಕೆಗೆ ಅರ್ಹ. ಹಸಿರೆಲೆ ಕಣ್ಣಿಗೆ ಕಾಣದ ಸಮೀಪದ ಅತಿಗೆಂಪು ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಎಸೆಯುತ್ತದೆ. ಕರಿ ಬೂದಿ ಎಸೆಯುವುದಿಲ್ಲ. ಅದಕ್ಕಿಂತ ಉದ್ದ ಅಲೆಯ ಇನ್ನೊಂದು ಅತಿಗೆಂಪು ಪಟ್ಟಿಯಲ್ಲಿ ಇದು ತಿರುಗುಮುರುಗಾಗುತ್ತದೆ. ಬೆಂಕಿಗೆ ಮುಂಚಿನ ಚಿತ್ರವನ್ನೂ ಅನಂತರದ ಚಿತ್ರವನ್ನೂ ಹೀಗೆ ಹೋಲಿಸಿದರೆ ಸುಟ್ಟ ಜಾಗವಷ್ಟೇ ಅಲ್ಲದೆ ಎಷ್ಟು ತೀವ್ರವಾಗಿ ಸುಟ್ಟಿದೆ ಎಂಬುದೂ ಒಂದು ಮಟ್ಟಕ್ಕೆ ತಿಳಿಯುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 2015ರಿಂದ ಈ ಚಿತ್ರಗಳನ್ನು ಎಲ್ಲರಿಗೂ ಪುಕ್ಕಟೆ ಕೊಡುತ್ತಿವೆ. ಈ ಕೆಲಸಕ್ಕೆ ಅದರ ಚೌಕ 20 ಮೀಟರ್. ಒಂದು ಎಕರೆಗೆ ಹತ್ತು ಚೌಕ ಸಿಗುತ್ತವೆ ಎಂದ ಮೇಲೆ ಸಣ್ಣ ಬೆಳೆಗಾರನ ತೋಟವೂ ಲೆಕ್ಕಕ್ಕೆ ಬಂತು.

2019ರ ಫೆಬ್ರವರಿ 21ರಿಂದ 25ರವರೆಗೆ ಬಂಡೀಪುರ ಉರಿದದ್ದು ಯಾರೂ ಮರೆತಿಲ್ಲ. ಗೋಪಾಲಸ್ವಾಮಿ ಬೆಟ್ಟದ ಸುತ್ತ ಒಣಗಿ ನಿಂತ ಲಂಟಾನ ಹೊತ್ತಿಕೊಂಡು, ಕಡೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಎಷ್ಟು ಸುಟ್ಟಿತು ಎಂಬುದಕ್ಕೆ ಆ ದಿನಗಳಲ್ಲಿ ಬಾಯಿಗೊಂದು ಲೆಕ್ಕ ಇತ್ತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಸೆಂಟಿನೆಲ್ ಚಿತ್ರಗಳಿಂದ ಅಳೆದ ಮೇಲೆ, ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ ಎಂಬುದು ಸ್ಪಷ್ಟವಾಯಿತು. ಬಾಯಿಲೆಕ್ಕದ ಚರ್ಚೆಗೆ ತೆರೆ ಎಳೆಯಲು ಉಪಗ್ರಹಕ್ಕಿಂತ ಒಳ್ಳೆಯ ಸಾಧನವಿಲ್ಲ, ಇದನ್ನು ಒಪ್ಪಲೇಬೇಕು.

ಆದರೂ ನಮ್ಮ ಕಡೆಗೆ ಹೊಂದಿಸಿಕೊಳ್ಳುವಾಗ ಎಚ್ಚರ ಬೇಕು. ಈ ತೀವ್ರತೆಯ ಮೆಟ್ಟಿಲುಗಳನ್ನು ಮೊದಲು ಕಟ್ಟಿದ್ದು ಅಮೆರಿಕದ ಕಾಡುಗಳಲ್ಲಿ. ನಮ್ಮ ತೇಗ, ಮತ್ತಿ ಫೆಬ್ರವರಿಯಲ್ಲಿ ತಾವಾಗಿಯೇ ಬೋಳಾಗುತ್ತವೆ. ಜನವರಿಯ ಚಿತ್ರ, ಮಾರ್ಚಿಯ ಚಿತ್ರ ಹೋಲಿಸಿದರೆ ಬೆಂಕಿ ಬೀಳದಿದ್ದರೂ ಹಸಿರು ಕಡಿಮೆಯಾದಂತೆ ತೋರುತ್ತದೆ. ಇತ್ತ ಬ್ಯಾಣದ ಹುಲ್ಲು ಸುಟ್ಟರೆ, ಒಂದು ಹದವಾದ ಮಳೆ ಬಿದ್ದ ಹತ್ತು ಹದಿನೈದು ದಿನದಲ್ಲಿ ಏನೂ ಆಗಿಲ್ಲವೆಂಬಂತೆ ಚಿಗುರಿ ನಿಲ್ಲುತ್ತದೆ. ಕಾಫಿಯ ನೆಲಬೆಂಕಿಯ ಕಥೆ ಮೇಲೆ ಹೇಳಿದೆ. ಚಿತ್ರ ತೆಗೆದ ತಾರೀಖು ನೋಡದೆ ಯಾರಾದರೂ ಎಕರೆ ಹೇಳಿದರೆ ನಂಬಬೇಡಿ.

ಹೀಗೆಲ್ಲ ಬರೆದದ್ದರಿಂದ ಉಪಗ್ರಹವನ್ನು ನಾನು ಹಳಿಯುತ್ತಿದ್ದೇನೆ ಎಂದು ತಿಳಿಯಬಾರದು. ಹಿಂದೆ ಗುಡ್ಡದಾಚೆ ಹೊಗೆ ಕಂಡರೆ ಕಾಡಿನ ಯಾವ ಭಾಗ ಎಂದು ತಿಳಿಯಲು ಅರ್ಧ ದಿನ ಬೇಕಾಗುತ್ತಿತ್ತು. 2004ರಿಂದ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಈ ಬಿಂದುಗಳನ್ನು ಅರಣ್ಯ ಇಲಾಖೆಗಳಿಗೆ ಮುಟ್ಟಿಸುತ್ತ ಬಂದಿದೆ. ವೀರ್ಸ್ ಸೇರಿದ ಮೇಲೆ ಎಚ್ಚರಿಕೆ ಹೆಚ್ಚು ನಿಖರವಾಗಿದೆ. ಇಲಾಖೆಯವರಿಗಷ್ಟೇ ಎಂದಿಲ್ಲ, ಸಾರ್ವಜನಿಕರು ಯಾರು ಬೇಕಾದರೂ ಹೆಸರು ನೋಂದಾಯಿಸಿಕೊಂಡು ತಮ್ಮ ಪ್ರದೇಶದ ಎಚ್ಚರಿಕೆಯನ್ನು ಮೊಬೈಲಿಗೆ ಪಡೆಯಬಹುದು. ನಾಸಾ ಸಂಸ್ಥೆಯ ಫರ್ಮ್ಸ್ ಎಂಬ ಸೇವೆಯೂ ಪುಕ್ಕಟೆ. ಉಪಗ್ರಹ ಹಾದುಹೋದ ಸುಮಾರು ಮೂರು ಗಂಟೆಯೊಳಗೆ ಬಿಂದುಗಳನ್ನು ನಕ್ಷೆಯ ಮೇಲೆ ಇಡುತ್ತದೆ. ಮೂರು ಗಂಟೆ ತಡ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ರಾತ್ರಿ ಎರಡು ಗಂಟೆಗೆ ಉಪಗ್ರಹಕ್ಕೆ ಕಂಡ ಬೆಂಕಿ ಬೆಳಿಗ್ಗೆ ಐದಕ್ಕೆ ನಮಗೆ ತಿಳಿದರೆ, ಇಬ್ಬನಿ ಆರಿ ಗಾಳಿ ಏಳುವುದಕ್ಕೆ ಮುಂಚೆ ನಾಲ್ಕೈದು ಗಂಟೆ ಕೈಯಲ್ಲಿರುತ್ತದೆ. ಕಾಡುಬೆಂಕಿ ಆರಿಸಲು ಅದಕ್ಕಿಂತ ಪ್ರಶಸ್ತವಾದ ಹೊತ್ತು ದಿನದಲ್ಲಿ ಇಲ್ಲ. ಮಧ್ಯಾಹ್ನದ ಬೆಂಕಿಗೆ ಉಪಗ್ರಹ ಕಾಯುತ್ತ ಕೂರುವುದು ಮೂರ್ಖತನ, ಅದಕ್ಕೆ ಗುಡ್ಡದ ಮೇಲೊಬ್ಬ ಕಾವಲಿನವನೇ ಬೇಕು.

ಫರ್ಮ್ಸ್ ಪಟ್ಟಿ ನೋಡುವವರು ಒಂದು ವಿಷಯ ನೆನಪಿಡಬೇಕು. ಅಲ್ಲಿಯ ಸಮಯ ಜಾಗತಿಕ ಸಮಯ; ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಮಾರ್ಚ್ 12ರ ರಾತ್ರಿ ಒಂದೂವರೆಗೆ ಕಂಡ ಬೆಂಕಿ ಅಲ್ಲಿ ಮಾರ್ಚ್ 11, 20:00 ಗಂಟೆ ಎಂದಿರುತ್ತದೆ. ಪರಿಹಾರದ ಅರ್ಜಿಯಲ್ಲಿ 12 ಎಂದೂ ಉಪಗ್ರಹದ ಪಟ್ಟಿಯಲ್ಲಿ 11 ಎಂದೂ ಇದ್ದರೆ, ತಾರೀಖು ಹೊಂದುವುದಿಲ್ಲ ಎಂದು ಕಡತ ವಾಪಸು ಬರುವುದಕ್ಕೆ ಅಷ್ಟು ಸಾಕು. ಪ್ರತಿ ಬಿಂದುವಿನ ಪಕ್ಕ ನಂಬಿಕೆಯ ಮಟ್ಟವನ್ನೂ ಬರೆದಿರುತ್ತಾರೆ: ಕಡಿಮೆ, ಸಾಧಾರಣ, ಹೆಚ್ಚು. ಕಡಿಮೆ ಎಂದಿದ್ದರೆ ನೀರಿನ ಮೇಲೆ ಹೊಳೆದ ಬಿಸಿಲೋ, ಕಾದ ಬಂಡೆಯೋ ಆಗಿರಲೂಬಹುದು.

ನಮ್ಮ ಕಡೆಯ ಹೊಣೆಯನ್ನೂ ಹೇಳದಿದ್ದರೆ ಈ ಬರಹ ಏಕಪಕ್ಷೀಯವಾದೀತು. ಹೊಸ ಹುಲ್ಲು ಬರಲೆಂದು ಬ್ಯಾಣಕ್ಕೆ ಬೆಂಕಿ ಕೊಡುವವರು ಪರಸ್ಥಳದವರಲ್ಲ. ಮೀಸಲು ಅರಣ್ಯಕ್ಕೆ ಬೆಂಕಿ ಹಾಕುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಬ್ಯಾಣದ ಬೆಂಕಿ ಗಡಿ ದಾಟಿ ಒಳಗೆ ಹೋದರೆ 'ನಾನು ಹಾಕಿದ್ದು ನನ್ನ ಹುಲ್ಲಿಗೆ' ಎಂಬ ಮಾತು ನಡೆಯುವುದಿಲ್ಲ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಕಾಡುಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ಪ್ರಾಣ ಬಿಟ್ಟರು. ಬೆಂಕಿ ಯಾರು ಹಾಕಿದರೋ, ಸತ್ತದ್ದು ಆರಿಸಲು ಹೋದವರು.

ಈಗ ಸಂಘದ ಮಟ್ಟಿಗೆ ನಾನು ಸೂಚಿಸುವುದು ಇದು. ಬಿಂದು ಬಿದ್ದರೂ ಬೀಳದಿದ್ದರೂ ನಮ್ಮದೇ ಆದ ನೆಲದ ದಾಖಲೆ ಇರಬೇಕು. ಬೆಂಕಿ ಬಿದ್ದ ದಿನವೇ, ಸಾಧ್ಯವಾದರೆ ಬೂದಿ ಬಿಸಿ ಇರುವಾಗಲೇ, ಮೊಬೈಲಿನಲ್ಲಿ ಸ್ಥಳದ ಗುರುತು ಬರುವಂತೆ ನಾಲ್ಕೂ ಮೂಲೆಯಿಂದ ಚಿತ್ರ ತೆಗೆದು, ಬೆಂಕಿ ಬಂದ ದಿಕ್ಕು, ಶುರುವಾದ ಹೊತ್ತು, ಆರಿದ ಹೊತ್ತು, ಆರಿಸಲು ಬಂದವರ ಹೆಸರು ಬರೆದು ಸಂಘದ ಕಚೇರಿಗೆ ಕೊಡುವುದು. ಗ್ರಾಮ ಆಡಳಿತಾಧಿಕಾರಿಯವರನ್ನೂ ವಲಯ ಅರಣ್ಯ ಕಚೇರಿಯವರನ್ನೂ ಕರೆಸಿ ಮಹಜರು ಮಾಡಿಸುವುದು. ಇಂಥ ದಾಖಲೆ ಮೂರು ನಾಲ್ಕು ವರ್ಷ ಕೂಡಿದರೆ, ಉಪಗ್ರಹ ನಮ್ಮ ಭಾಗದಲ್ಲಿ ಎಷ್ಟು ಬೆಂಕಿ ಹಿಡಿಯಿತು, ಎಷ್ಟು ಬಿಟ್ಟಿತು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬಹುದು. ಆಗ ಕಚೇರಿಗಳಲ್ಲಿ ನಮ್ಮ ಮಾತಿಗೆ ಒಂದು ತೂಕ ಬರುತ್ತದೆ. ವಿಶ್ವವಿದ್ಯಾಲಯದವರಿಗೂ ದೂರಸಂವೇದಿ ಕೇಂದ್ರದವರಿಗೂ ಇಂಥ ನೆಲದ ಲೆಕ್ಕ ಬೇಕಾಗಿರುತ್ತದೆ. ಅವರ ಹತ್ತಿರ ಆಕಾಶದ್ದು ಧಾರಾಳವಾಗಿದೆ, ನೆಲದ್ದು ಸಾಲದು.

ಇಲಾಖೆಗೆ ಸಲ್ಲಿಸಲು ಒಂದು ಮನವಿಯನ್ನೂ ಸಿದ್ಧಪಡಿಸಿದ್ದೇನೆ. ಉಪಗ್ರಹದ ಬಿಂದು ಒಂದನ್ನೇ ಆಧಾರ ಮಾಡಿಕೊಂಡು ಯಾವ ಬೆಳೆಗಾರನ ಮೇಲೂ ಕ್ರಮ ಆಗಬಾರದು, ಬಿಂದು ಇಲ್ಲವೆಂಬ ಒಂದೇ ಕಾರಣಕ್ಕೆ ಯಾವ ಅರ್ಜಿಯೂ ತಿರಸ್ಕಾರವಾಗಬಾರದು, ಎರಡೂ ಸಂದರ್ಭದಲ್ಲಿ ಸ್ಥಳ ಪರಿಶೀಲನೆ ಕಡ್ಡಾಯವಾಗಬೇಕು ಎಂಬುದು ಅದರ ಸಾರಾಂಶ. ಎರಡನೆಯದನ್ನು ಮಾತ್ರ ಇಟ್ಟು ಮೊದಲನೆಯದನ್ನು ಬಿಡೋಣ, ಇಲ್ಲದ್ದನ್ನು ಯಾಕೆ ನೆನಪಿಸಬೇಕು ಎಂದು ಆಡಳಿತ ಮಂಡಳಿಯ ಒಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಪಂಜಾಬಿನಲ್ಲಿ ಮೊದಲು ಎಣಿಕೆ ಬಂತು, ದಂಡ ಆಮೇಲೆ ಬಂತು. ಎಣಿಕೆ ನಮ್ಮಲ್ಲಿ ಈಗಾಗಲೇ ಇದೆ.

ಮನವಿಯ ಕರಡನ್ನು ಬರುವ ಸಾಮಾನ್ಯ ಸಭೆಯ ಮುಂದೆ ಇಡಲಾಗುವುದು. ಕಾಡಿನ ಅಂಚಿಗೆ ತೋಟವಿರುವ ಸದಸ್ಯರು ತಮ್ಮ ಸರ್ವೆ ನಂಬರು, ವಿಸ್ತೀರ್ಣ, ಮೊಬೈಲ್ ಸಂಖ್ಯೆಯನ್ನು ಈ ತಿಂಗಳ ಕೊನೆಯೊಳಗೆ ಕಚೇರಿಗೆ ಮುಟ್ಟಿಸಿದರೆ, ಎಚ್ಚರಿಕೆ ಸಂದೇಶಕ್ಕೆ ಹೆಸರು ನೋಂದಾಯಿಸುವ ಕೆಲಸವನ್ನು ಕಚೇರಿಯಲ್ಲೇ ಮಾಡಿಕೊಡುತ್ತೇವೆ. ಇದಕ್ಕೆ ಶುಲ್ಕವಿಲ್ಲ. ಬೆಂಕಿ ಗೆರೆ ಸವರುವ ಶ್ರಮದಾನದ ದಿನಗಳನ್ನು ಊರುವಾರು ಫಲಕದಲ್ಲಿ ಹಾಕಲಾಗಿದೆ. ಕತ್ತಿ, ಗುದ್ದಲಿ ತಾವೇ ತರಬೇಕು, ಮಜ್ಜಿಗೆ ಸಂಘದ್ದು.

— ಕಾರ್ಯದರ್ಶಿ